ಮಂಡಿ ನೋವಿಗೆ ತೊಡೆಯನ್ನು ಕೇಳಿ

(ಮೈಸೂರಿನ ನಮ್ಮ ಬಡಾವಣೆಯ ಮಹಿಳೆಯರ ಸಂಘದಲ್ಲಿ ಒಂದು ಶನಿವಾರ ಸಂಜೆ ಆಡಿದ ಮಾತುಗಳಿವು. ನಾನು ಫಿಸಿಯೋಥೆರಪಿಸ್ಟ್. ಬಂದಿದ್ದವರಲ್ಲಿ ಹೆಚ್ಚಿನವರು 40ರಿಂದ 60ರ ಒಳಗಿನವರು. ನಡುವೆ ಅವರು ಕೇಳಿದ ಪ್ರಶ್ನೆಗಳನ್ನೂ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಒಂದು ಕೆಲಸ ಮಾಡೋಣ. ಎಲ್ಲರೂ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬನ್ನಿ. ಎರಡೂ ಕೈ ಎದೆಯ ಮೇಲೆ ಅಡ್ಡ ಕಟ್ಟಿಕೊಳ್ಳಿ. ಕುರ್ಚಿ ಹಿಡಿಯಬಾರದು, ತೊಡೆ ಮೇಲೆ ಕೈ ಊರಬಾರದು. ಐದು ಸಲ ಪೂರ್ತಿ ಎದ್ದು ನಿಂತು ಕೂರಬೇಕು, ಆದಷ್ಟು ಬೇಗ. ಪಕ್ಕದವರು ಮೊಬೈಲಿನಲ್ಲಿ ಸೆಕೆಂಡ್ ನೋಡಿಕೊಳ್ಳಲಿ. ಈಗಲೇ ಮಂಡಿ ಜೋರಾಗಿ ನೋಯುತ್ತಿರುವವರು ಬೇಡ, ಸುಮ್ನೆ ನೋಡ್ತಾ ಇರಿ.

ಆಯ್ತಾ? ಕೆಲವರಿಗೆ 9 ಸೆಕೆಂಡ್, ಕೆಲವರಿಗೆ 15. ಮೂರನೇ ಸಲಕ್ಕೇ ಕೈ ತಾನಾಗಿ ಕುರ್ಚಿಯ ಅಂಚಿಗೆ ಹೋಯಿತು ಅಂತ ಹಿಂದಿನ ಸಾಲಿನವರೊಬ್ಬರು ಹೇಳುತ್ತಿದ್ದಾರೆ. ಆ ಕೈ ಯಾಕೆ ಹೋಯಿತು ಅನ್ನುವುದೇ ಇವತ್ತಿನ ವಿಷಯ.

ಏಷ್ಯಾದ ದೇಶಗಳ ತಜ್ಞರ ಗುಂಪೊಂದು 2019ರಲ್ಲಿ ಇದಕ್ಕೊಂದು ಗಡಿ ಹಾಕಿದೆ. ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಬೇಕಾದರೆ ಕಾಲಿನ ಶಕ್ತಿ ಕಡಿಮೆಯಾಗಿರಬಹುದು, ಮುಂದೆ ಪರೀಕ್ಷಿಸಿ ನೋಡಿ ಎನ್ನುತ್ತದೆ ಅದು. ಮನೆಯಲ್ಲೇ ಮಾಡಬಹುದಾದ ಇನ್ನೊಂದು ಅಳತೆಯನ್ನೂ ಅವರು ಹೇಳಿದ್ದಾರೆ. ಮೀನಖಂಡದ ಅತಿ ದಪ್ಪಗಿನ ಜಾಗಕ್ಕೆ ಟೇಪು ಸುತ್ತಿ. ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಗಮನ ಕೊಡಬೇಕು. ಇವು ಕಾಯಿಲೆಯ ತೀರ್ಪಲ್ಲ, ಬಾಗಿಲು ಬಡಿದು ಎಚ್ಚರಿಸುವ ಸದ್ದು ಅಷ್ಟೇ.

ವಯಸ್ಸಾದಂತೆ ಮಾಂಸಖಂಡ ಕರಗುವುದಕ್ಕೆ ಸಾರ್ಕೋಪೀನಿಯಾ ಎಂದು ಹೆಸರು. ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಈ ಪದವನ್ನು ಟಂಕಿಸಿದ್ದು 1980ರ ದಶಕದ ಕೊನೆಯಲ್ಲಿ. ಹೆಸರೇ ಇಷ್ಟು ತಡವಾಗಿ ಬಂತು ಅಂದರೆ ಅದಕ್ಕೆ ಮೊದಲು ಇದನ್ನು ಹೆಚ್ಚಿನವರು ಒಂದು ತೊಂದರೆ ಅಂತ ಎಣಿಸಿರಲಿಲ್ಲ. ವಯಸ್ಸಾಯ್ತು, ಇಷ್ಟೇ ಅಂತ ಬಿಟ್ಟುಬಿಡುತ್ತಿದ್ದರು. ಈ ಕರಗುವಿಕೆ 30 ದಾಟಿದ ಮೇಲೆಯೇ ಮೆಲ್ಲಗೆ ಶುರುವಾಗುತ್ತದೆ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿದಾಗ ಇನ್ನಷ್ಟು ವೇಗ ಬರುತ್ತದೆ. ನಮ್ಮ ದೇಶದ ಹೆಂಗಸರಿಗೆ ಅದು 46-47ರ ಆಸುಪಾಸು. ಇನ್ನೊಂದು ಮುಖ್ಯ ಮಾತು: ಸ್ನಾಯುವಿನ ಗಾತ್ರಕ್ಕಿಂತ ಅದರ ಶಕ್ತಿ ಬೇಗ ಇಳಿಯುತ್ತದೆ. ಹಾಗಾಗಿ ಕನ್ನಡಿಯಲ್ಲಿ ನೋಡಿದರೆ ಗೊತ್ತಾಗುವುದಿಲ್ಲ. ಕುರ್ಚಿಯಿಂದ ಏಳುವಾಗ ಗೊತ್ತಾಗುತ್ತದೆ.

ಇನ್ನು ಮಂಡಿಗೆ ಬರೋಣ.

ನನ್ನ ಬಳಿ ಬರುವವರು ಮೊದಲು ಮಾಡುವ ಕೆಲಸ ಎಕ್ಸ್‌ರೇ ಕವರು ಮುಂದಿಡುವುದು. "ಮೇಡಂ, ಗ್ಯಾಪ್ ಕಮ್ಮಿ ಆಗಿದೆಯಂತೆ." "ಜೆಲ್ಲಿ ಒಣಗಿದೆಯಂತೆ." "ಸವೆದುಹೋಗಿದೆಯಂತೆ." ಈ ಸವೆತ ಅನ್ನುವ ಪದ ನನಗೆ ತುಂಬ ಬೇಸರ ತರಿಸುತ್ತದೆ. ಚಪ್ಪಲಿ ಸವೆಯುತ್ತದೆ. ಸವೆದ ಚಪ್ಪಲಿಯಲ್ಲಿ ನಡೆದಷ್ಟೂ ಅದು ಹಾಳಾಗುತ್ತದೆ. ಮಂಡಿಯೂ ಹಾಗೇ ಅಂದುಕೊಂಡ ಹೆಂಗಸು ಆವತ್ತಿನಿಂದ ನಡೆಯುವುದನ್ನೇ ಕಡಿಮೆ ಮಾಡುತ್ತಾಳೆ. ಮೆಟ್ಟಿಲು ಬಿಡುತ್ತಾಳೆ, ದೇವಸ್ಥಾನ ಬಿಡುತ್ತಾಳೆ, ತಂಗಿಯ ಮಗಳ ಮದುವೆಗೆ ಹೋಗುವುದನ್ನೂ ಬಿಡುತ್ತಾಳೆ.

ಮಂಡಿಯ ಮೃದ್ವಸ್ಥಿ, ಅಂದರೆ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಮೆತ್ತೆ, ಚಪ್ಪಲಿಯ ಹಾಗಲ್ಲ. ಅದಕ್ಕೆ ರಕ್ತನಾಳವೇ ಇಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಕಾಲೂರಿದಾಗ ಮೃದ್ವಸ್ಥಿ ಹಿಂಡಿದಂತಾಗುತ್ತದೆ, ಎತ್ತಿದಾಗ ಸ್ಪಂಜಿನ ಹಾಗೆ ದ್ರವ ಹೀರುತ್ತದೆ. ಓಡಾಟವೇ ಅದರ ಊಟ. ಓಡಾಟ ನಿಲ್ಲಿಸಿದರೆ ಮಂಡಿಗೆ ವಿಶ್ರಾಂತಿ ಕೊಟ್ಟ ಹಾಗಲ್ಲ, ಉಪವಾಸ ಕೆಡವಿದ ಹಾಗೆ.

ಎಕ್ಸ್‌ರೇಗೂ ನೋವಿಗೂ ಲೆಕ್ಕ ಸರಿಹೊಂದಲೇಬೇಕು ಅಂತಲೂ ಇಲ್ಲ. ಎಕ್ಸ್‌ರೇಯಲ್ಲಿ ಬಹಳ ಕೆಟ್ಟಿರುವ ಮಂಡಿಯವರು ಆರಾಮಾಗಿ ಬೆಟ್ಟ ಹತ್ತುವುದನ್ನು ನೋಡಿದ್ದೇನೆ. ಚೆನ್ನಾಗಿ ಕಾಣುವ ಮಂಡಿಯವರು ಅಳುವುದನ್ನೂ ನೋಡಿದ್ದೇನೆ. 45 ದಾಟಿದವರಿಗೆ ಓಡಾಡುವಾಗ ನೋವಿದ್ದು, ಬೆಳಗಿನ ಬಿಗಿತ ಇಲ್ಲದಿದ್ದರೆ ಅಥವಾ ಅರ್ಧ ಗಂಟೆಯೊಳಗೆ ಹೋಗುತ್ತಿದ್ದರೆ ಎಕ್ಸ್‌ರೇ ಇಲ್ಲದೆಯೇ ಕೀಲುವಾತ, ಅಂದರೆ ನೀವು ಸವೆತ ಅನ್ನುವ ಆಸ್ಟಿಯೋಆರ್ಥ್ರೈಟಿಸ್, ಅಂತ ಗುರುತಿಸಬಹುದು ಎಂದು ಚಿಕಿತ್ಸೆಯ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಹೇಳಿದೆ. ಆದರೆ ಮಂಡಿ ಬಿಸಿಯಾಗಿ ಊದಿಕೊಂಡು ಜ್ವರ ಬಂದರೆ, ರಾತ್ರಿ ಮಲಗಿದಾಗಲೂ ಬಿಡದೆ ನೋವಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಊದಿ ನೋಯುತ್ತಿದ್ದರೆ ತಡ ಮಾಡಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ.

ಈಗ ನನ್ನ ಅಮ್ಮನ ಕತೆ ಹೇಳಬೇಕು. ಈ ಕೆಲಸದಲ್ಲಿ ನನಗೆ ಇಷ್ಟು ಹಟ ಬಂದದ್ದು ಅದರಿಂದಲೇ.

ಅಮ್ಮನಿಗೆ ಆಗ 52. ನಾನಿನ್ನೂ ಓದುತ್ತಿದ್ದೆ. ಒಂದು ಹಬ್ಬದ ಮರುದಿನ ಬಲ ಮಂಡಿ ಊದಿತು. ಒಬ್ಬ ಡಾಕ್ಟರು ನೋಡಿ, ಮೆಟ್ಟಿಲು ಹತ್ತಬೇಡಿ, ನೆಲಕ್ಕೆ ಕೂರಬೇಡಿ, ಆದಷ್ಟು ಮಲಗಿಕೊಂಡೇ ಇರಿ ಅಂದರು. ಎಷ್ಟು ದಿನ ಅಂತ ಅವರು ಹೇಳಲಿಲ್ಲ. ನಾವೂ ಕೇಳಲಿಲ್ಲ. ಅಮ್ಮ ಎರಡು ತಿಂಗಳು ಮಲಗಿದರು. ನಾವೆಲ್ಲ ಪ್ರೀತಿಯಿಂದ ನೋಡಿಕೊಂಡೆವು. ಒಂದು ಲೋಟ ನೀರಿಗೂ ಏಳಲು ಬಿಡಲಿಲ್ಲ. ಬಾವು ಇಳಿಯಿತು. ಆದರೆ ಎದ್ದು ನಿಂತರೆ ಕಾಲು ನಡುಗುತ್ತಿತ್ತು. ಒಂದು ದಿನ ಬ್ಲೌಸ್ ಅಳತೆಯ ಟೇಪು ತಂದು ಎರಡೂ ತೊಡೆ ಅಳೆದೆ. ಬಲ ತೊಡೆ ಎಡಕ್ಕಿಂತ ಎರಡು ಬೆರಳು ಕಡಿಮೆ ಬಂತು. ಅಮ್ಮ ಟೇಪನ್ನೇ ನೋಡುತ್ತ ಕೂತಿದ್ದರು. ಅದೇ ವರ್ಷ ಅವರಿಗೆ ಶುಗರ್ ಇದೆ ಅಂತಲೂ ಗೊತ್ತಾಯಿತು. ಮಲಗಿದ್ದರಿಂದಲೇ ಬಂತು ಎಂದು ನಾನು ಹೇಳಲಾರೆ. ಎರಡಕ್ಕೂ ನಂಟಿರಬಹುದು ಅನ್ನುವುದು ಮಾತ್ರ ಆಗ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಅಮ್ಮನ ತೊಡೆಗೆ ಆದದ್ದನ್ನು ಆಮೇಲೆ ಓದಿ ತಿಳಿದುಕೊಂಡೆ. 2007ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ 12 ಜನ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದರು. ಹತ್ತೇ ದಿನಕ್ಕೆ ಕಾಲುಗಳಿಂದ ಸುಮಾರು 1 ಕೆಜಿಯಷ್ಟು ಮಾಂಸ ಹೋಗಿತ್ತು. ಅವರಿಗೆ ಕಾಯಿಲೆ ಇರಲಿಲ್ಲ, ನೋವೂ ಇರಲಿಲ್ಲ. ಸುಮ್ನೆ ಮಲಗಿದ್ದರು, ಅಷ್ಟೇ.

ನೋವಿದ್ದರಂತೂ ಇನ್ನೊಂದು ಹೊಡೆತ. ಮಂಡಿಯಲ್ಲಿ ಬಾವು ಬಂದರೆ ಅಲ್ಲಿಂದ ಬೆನ್ನುಹುರಿಗೆ ಸಂದೇಶ ಹೋಗಿ ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೆ ಕಡಿವಾಣ ಬೀಳುತ್ತದೆ. ನೋವೇ ಇಲ್ಲದವರ ಮಂಡಿಯೊಳಗೆ ಬರೀ ಉಪ್ಪುನೀರು ತುಂಬಿಸಿದರೂ ಆ ಸ್ನಾಯು ಸರಿಯಾಗಿ ಬಿಗಿಯುವುದಿಲ್ಲ ಎಂದು ಪರೀಕ್ಷೆ ಮಾಡಿ ನೋಡಿದ್ದಾರೆ. "ಕಾಲು ಕೈ ಕೊಡುತ್ತೆ ಮೇಡಂ, ಸೊಟ್ ಅಂತ ಮಡಚಿಕೊಳ್ಳುತ್ತೆ" ಅಂತೀರಲ್ಲ, ಅದರ ಹಿಂದೆ ಇರುವುದು ಎಷ್ಟೋ ಸಲ ಇದೇ. ಕಾಲೂರುವಾಗ ಬೀಳುವ ಪೆಟ್ಟನ್ನು ತಡೆದುಕೊಳ್ಳುವುದು ಈ ಸ್ನಾಯುವಿನ ಕೆಲಸ. ಅದು ಸೋತರೆ ಪೆಟ್ಟು ನೇರ ಕೀಲಿಗೆ. ಕೀಲು ನೊಂದರೆ ಸ್ನಾಯು ಇನ್ನೂ ಸೋಲುತ್ತದೆ. ಈ ಸುತ್ತಿನಿಂದ ಹೊರಬರಲು ನಮ್ಮ ಕೈಗೆ ಸಿಗುವ ಹಿಡಿ ಸ್ನಾಯು ಒಂದೇ. ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಔಷಧಿ ಇವತ್ತಿಗೂ ಇಲ್ಲ. ತೊಡೆಯನ್ನು ಯಾವ ವಯಸ್ಸಿನಲ್ಲೂ ಬೆಳೆಸಬಹುದು.

ಇನ್ನು ಶುಗರಿನ ನಂಟು. ಹಳ್ಳಿಯ ಮನೆಯಲ್ಲಿ ಕಣಜ ನೋಡಿದವರು ಇಲ್ಲಿ ಇದ್ದೀರಿ ಅಲ್ವಾ? ಸುಗ್ಗಿಯ ರಾಗಿ, ಭತ್ತ ಕಣಜಕ್ಕೆ ಹೋಗಬೇಕು. ಕಣಜ ಚಿಕ್ಕದಾದರೆ, ಅಥವಾ ಬಾಗಿಲೇ ತೆರೆಯದಿದ್ದರೆ? ಮೂಟೆ ಅಂಗಳದಲ್ಲಿ, ಜಗುಲಿಯಲ್ಲಿ, ಕೊನೆಗೆ ದೇವರ ಮನೆಯಲ್ಲೂ ಬೀಳುತ್ತದೆ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದನ್ನು ತುಂಬಿಕೊಳ್ಳುವ ಅತಿ ದೊಡ್ಡ ಕಣಜ ನಮ್ಮ ಮಾಂಸಖಂಡ. ಅದರಲ್ಲೂ ತೊಡೆ ಮತ್ತು ಪೃಷ್ಠದ ಸ್ನಾಯು. ಅದು ಕುಗ್ಗಿದರೆ ಸಕ್ಕರೆ ರಕ್ತದಲ್ಲೇ ಸುತ್ತುತ್ತದೆ. ಹೆಚ್ಚಾದದ್ದು ಕೊಬ್ಬಾಗಿ ಹೊಟ್ಟೆಯಲ್ಲಿ, ಯಕೃತ್ತಿನಲ್ಲಿ, ಸ್ನಾಯುವಿನ ಎಳೆಗಳ ನಡುವೆಯೂ ಕೂರುತ್ತದೆ. ಸ್ನಾಯು ದುಡಿಯುವಾಗ ಇನ್ಸುಲಿನ್ ಇಲ್ಲದೆಯೂ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳಬಲ್ಲದು. ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ ಅಂತ ಹೇಳುವುದು ಅದಕ್ಕೇ.

ನಮ್ಮವರಿಗೆ ಈ ತೊಂದರೆ ಯಾಕೆ ಜಾಸ್ತಿ ಅನ್ನುವುದಕ್ಕೆ ಒಂದು ಫೋಟೋ ಇದೆ. 2004ರಲ್ಲಿ ಲಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್‌ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರದೂ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, ಒಂದೇ: 22.3. ಆದರೆ ಮೈಯ ಕೊಬ್ಬು ಲಂಡನ್ನಿನವರಿಗೆ ಶೇ. 9.1, ಪುಣೆಯವರಿಗೆ ಶೇ. 21.2. ತೂಕದ ಯಂತ್ರದ ಮೇಲೆ ನಿಂತು "ನಾನೇನು ದಪ್ಪ ಇಲ್ಲವಲ್ಲ" ಅಂತ ಸಮಾಧಾನ ಪಡುವವರು ಈ ಫೋಟೋ ನೆನಪಿಡಬೇಕು. ಸೊಂಟಕ್ಕೆ ಟೇಪು ಸುತ್ತಿ ನೋಡಿ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಗಡಿ. ಇಡೀ ದೇಶದ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ಸೊಂಟ ಅಳೆಯಿತು. ಗಡಿ ದಾಟಿದ ಗಂಡಸರು ನೂರಕ್ಕೆ 12, ಹೆಂಗಸರು ನೂರಕ್ಕೆ 40. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಅಧ್ಯಯನ 2023ರಲ್ಲಿ ಹೇಳಿದ್ದು ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಶುಗರ್ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ ಎಂದು.

ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಉರಿಯೂತ ತರುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ತೂಕ ಜಾಸ್ತಿಯಿರುವವರಿಗೆ ಕೈಬೆರಳಿನ ಗಂಟುಗಳಲ್ಲೂ ಕೀಲುವಾತ ಹೆಚ್ಚು. ಬೆರಳಿನ ಮೇಲೆ ಯಾರೂ ನಡೆಯುವುದಿಲ್ಲವಲ್ಲ! ಅಂದಮೇಲೆ ಬರೀ ಭಾರ ಒಂದೇ ಕಾರಣ ಅಲ್ಲ. ಹಾಗಂತ ಭಾರ ಲೆಕ್ಕಕ್ಕಿಲ್ಲ ಅಂತಲೂ ಅಲ್ಲ. 1 ಕೆಜಿ ಇಳಿದರೆ ಒಂದೊಂದು ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕೆಜಿ ಇಳಿಯುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿದಾಗ, ಹತ್ತು ವರ್ಷದಲ್ಲಿ ಸುಮಾರು 5 ಕೆಜಿ ಇಳಿಸಿದವರಿಗೆ ಮಂಡಿಯ ಕೀಲುವಾತ ಬರುವ ಸಾಧ್ಯತೆ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಬರೀ 5 ಕೆಜಿ.

"ನಾನೂ ಇಳಿಸಿದೆ ಮೇಡಂ, ಆರು ತಿಂಗಳು ರಾತ್ರಿ ಊಟ ಬಿಟ್ಟೆ. ತೂಕ ಇಳಿಯಿತು, ಮಂಡಿ ನೋವು ಹಾಗೇ ಇದೆ, ಸುಸ್ತು ಬೇರೆ."

ತುಂಬ ಒಳ್ಳೆಯ ಮಾತು ಕೇಳಿದಿರಿ ಅಕ್ಕ. ಊಟ ಬಿಟ್ಟು ತೂಕ ಇಳಿಸಿದಾಗ ಕೊಬ್ಬಿನ ಜೊತೆ ಮಾಂಸವೂ ಹೋಗುತ್ತದೆ. ಆಮೇಲೆ ತೂಕ ಮರಳಿ ಬರುವಾಗ ಹೆಚ್ಚಾಗಿ ಕೊಬ್ಬೇ ಬರುತ್ತದೆ. ಎರಡು ಮೂರು ಸಲ ಹೀಗಾದರೆ ತೂಕ ಅಷ್ಟೇ ಇದ್ದರೂ ಮೈ ಬೇರೆಯಾಗಿರುತ್ತದೆ. ಹಾಗಾಗಿ ಬಿಡುವುದಕ್ಕಿಂತ ಮೊದಲು ನಾವು ಏನು ತಿನ್ನುತ್ತಿಲ್ಲ ಅಂತ ನೋಡಬೇಕು.

ಒಂದು ದಿನದ ಲೆಕ್ಕ ಹಾಕೋಣ. ಬೆಳಿಗ್ಗೆ ಎರಡು ಇಡ್ಲಿ, 4 ಗ್ರಾಂ ಪ್ರೋಟೀನ್ ಆಸುಪಾಸು. ಮಧ್ಯಾಹ್ನ ಅನ್ನ, ತಿಳಿಸಾರು, ನೀರು ಮಜ್ಜಿಗೆ, ಎಲ್ಲ ಸೇರಿ 10-12. ಸಂಜೆ ಕಾಫಿ, ಎರಡು ಬಿಸ್ಕತ್ತು. ರಾತ್ರಿ ಮುದ್ದೆ ಸಾರು, ಇನ್ನೊಂದು 10. ಏನು ಮಾಡಿದರೂ 30 ಗ್ರಾಂ ದಾಟುವುದು ಕಷ್ಟ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 55 ಕೆಜಿ ತೂಕದ ಹೆಂಗಸಿಗೆ ಹೇಳಿರುವುದೇ ದಿನಕ್ಕೆ ಸುಮಾರು 46 ಗ್ರಾಂ. ವಯಸ್ಸಾಗುತ್ತ ಸ್ನಾಯು ಉಳಿಯಬೇಕಾದರೆ ಕೆಜಿಗೆ 1ರಿಂದ 1.2 ಗ್ರಾಂ ಬೇಕು ಎನ್ನುವ ತಜ್ಞರೂ ಇದ್ದಾರೆ.

ಇದಕ್ಕೆ ಡಬ್ಬಿಯ ಪುಡಿ ಬೇಕಾಗಿಲ್ಲ. ನಮ್ಮ ಅಡುಗೆಯಲ್ಲೇ ಇದೆ, ಆದರೆ ನಮ್ಮ ತಟ್ಟೆಗೆ ಬರುವುದಿಲ್ಲ. ಬಸ್ಸಾರು ಮಾಡುತ್ತೀರಿ. ಬಸಿದ ಕಟ್ಟು ಸಾರಾಗುತ್ತದೆ, ಕಾಳು ಸೊಪ್ಪು ಪಲ್ಯವಾಗುತ್ತದೆ. ಪ್ರೋಟೀನ್ ಇರುವುದು ಆ ಪಲ್ಯದಲ್ಲಿ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿಗೆ ಸಿಗುವುದು ಸಾರು. ಇದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ಒಂದು ಬಟ್ಟಲಿಗೆ ತೆಗೆದಿಡಿ. ಹುರಳಿಕಾಳು, ಅವರೆಕಾಳು, ಹೆಸರುಕಾಳು, ಅಲಸಂದೆ, ಯಾವುದಾದರೂ ಸರಿ. ಹಬ್ಬಕ್ಕೆ ಎರಡು ಚಮಚ ಹಾಕಿಕೊಳ್ಳುವ ಹೆಸರುಬೇಳೆ ಕೋಸಂಬರಿಯನ್ನು ವಾರಕ್ಕೆ ಮೂರು ದಿನ ಒಂದು ಬಟ್ಟಲು ತಿನ್ನಿ. ಒಂದು ಹಿಡಿ ಕಡಲೆಕಾಯಿ, ಗಟ್ಟಿ ಮೊಸರು. ತಿನ್ನುವವರಿಗೆ ಮೊಟ್ಟೆ, ಮೀನು, ಕೋಳಿ ಇದ್ದೇ ಇದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ರಾಗಿಯಲ್ಲಿ ಸುಣ್ಣದ ಅಂಶ ತುಂಬ ಇದೆ, ಪ್ರೋಟೀನ್ ಮಾತ್ರ 100 ಗ್ರಾಂಗೆ 7ರಷ್ಟೇ. ಮುದ್ದೆಗೆ ಕಾಳು ಜೊತೆಯಾಗಲೇಬೇಕು. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.

ಬರೀ ತಿಂದರೆ ಸ್ನಾಯು ಬೆಳೆಯುವುದಿಲ್ಲ. ಅದಕ್ಕೆ ಕೆಲಸ ಕೊಡಬೇಕು.

"ಮನೆಕೆಲಸ ಬೆಳಗಿನಿಂದ ರಾತ್ರಿವರೆಗೂ ಇದ್ದೇ ಇದೆಯಲ್ಲ, ಅದು ಸಾಲದಾ?"

ಮನೆಕೆಲಸದಲ್ಲಿ ಸುಸ್ತು ಇದೆ, ಖಂಡಿತ ಇದೆ. ಆದರೆ ಸ್ನಾಯುವಿಗೆ ಬೇಕಾದದ್ದು ದಿನದಿಂದ ದಿನಕ್ಕೆ ಸ್ವಲ್ಪ ಹೆಚ್ಚುವ ಭಾರ. ಒಲೆ ಮುಂದೆ ಎರಡು ಗಂಟೆ ನಿಂತರೆ ಕಾಲು ನೋಯುತ್ತದೆ, ತೊಡೆ ಬಲಿಯುವುದಿಲ್ಲ. ಹಿಂದಿನವರು ಬಾವಿ ಸೇದಿ, ರುಬ್ಬಿ ಗಟ್ಟಿಯಾಗಿದ್ದರು ಅನ್ನುತ್ತೇವೆ. ಅದು ಅರ್ಧ ನಿಜ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ದುಡಿದು ಮಂಡಿ ಕಳೆದುಕೊಂಡ ಅಜ್ಜಿಯರೂ ಇದ್ದರು. ಹೆಚ್ಚು ಹೊತ್ತು ಕುಕ್ಕರಗಾಲಲ್ಲಿ ಕೂರುವುದಕ್ಕೂ ಮಂಡಿಯ ಕೀಲುವಾತಕ್ಕೂ ನಂಟಿದೆ ಅಂತ ಬೀಜಿಂಗಿನ ಹಿರಿಯರ ಅಧ್ಯಯನದಲ್ಲೂ ಕಂಡಿತ್ತು. ನಮಗೆ ಬೇಕಾದದ್ದು ದುಡಿತ ಅಲ್ಲ, ಅಳತೆಯಿಟ್ಟು ಮಾಡುವ ವ್ಯಾಯಾಮ.

ಶುರು ಮಾಡಲು ಈಗ ಮಾಡಿದಿರಲ್ಲ, ಅದೇ ಸಾಕು. ಕುರ್ಚಿಯಿಂದ ಎದ್ದು ಕೂರುವುದು. ಕಷ್ಟವಾದರೆ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ವಾರ ಕಳೆದ ಮೇಲೆ ಒಂದು ದಿಂಬು ತೆಗೆಯಿರಿ. ಕೂರುವಾಗ ದೊಪ್ಪೆಂದು ಬೀಳಬೇಡಿ, ಮೂರು ಎಣಿಸುತ್ತ ಮೆಲ್ಲಗೆ ಇಳಿಯಿರಿ. ಇಳಿಯುವಾಗಲೇ ತೊಡೆಗೆ ಜಾಸ್ತಿ ಕೆಲಸ. ಹತ್ತು ಸಲ, ಒಂದು ನಿಮಿಷ ಸುಧಾರಿಸಿಕೊಂಡು ಮತ್ತೆ ಹತ್ತು. ಅದು ಸುಲಭವಾದರೆ 1 ಕೆಜಿ ಸಕ್ಕರೆ ಪ್ಯಾಕೆಟ್ ಎದೆಗೆ ಅಪ್ಪಿಕೊಂಡು ಮಾಡಿ. ಕುಕ್ಕರ್ ಕೂಗುವುದನ್ನು ಕಾಯುವಾಗ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಮಲಗಿಕೊಂಡು ಮಂಡಿ ಮಡಚಿ ಸೊಂಟ ಮೇಲೆತ್ತಿ, ಸೇತುಬಂಧಾಸನದ ಹಾಗೆ. ಒಂದೇ ಮೆಟ್ಟಿಲನ್ನು ಹತ್ತಿ ಇಳಿಯಿರಿ, ಗೋಡೆ ಹಿಡಿದುಕೊಂಡು. ವಾರಕ್ಕೆ ಮೂರು ದಿನ, ನಡುವೆ ಒಂದು ದಿನ ಬಿಡುವು. ವಾಕಿಂಗ್ ಬೇರೆ, ಇದು ಬೇರೆ. ವಾರಕ್ಕೆ 150 ನಿಮಿಷ ಓಡಾಟದ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೂ ಹೇಳಿದೆ. ನಾವು ಮೊದಲರ್ಧ ಕೇಳಿಸಿಕೊಂಡೆವು, ಎರಡನೆಯದು ಕಿವಿಗೆ ಬೀಳಲಿಲ್ಲ.

ಮಾಡುವಾಗ ನೋವಾದರೆ? ಇದು ಎಲ್ಲರ ಭಯ. ಹತ್ತಕ್ಕೆ ನಾಲ್ಕೈದರಷ್ಟು ನೋವು ಬಂದು, ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ತೊಂದರೆಯಿಲ್ಲ. ಮರುದಿನವೂ ಜಾಸ್ತಿಯೇ ಇದ್ದರೆ ಸಂಖ್ಯೆ ಕಡಿಮೆ ಮಾಡಿ, ನಿಲ್ಲಿಸಬೇಡಿ. ಡೆನ್ಮಾರ್ಕಿನಲ್ಲಿ 2013ರಿಂದ ಮಂಡಿ ನೋವಿನವರಿಗೆ ಪಾಠ ಮತ್ತು ವ್ಯಾಯಾಮ ಸೇರಿಸಿ ಕೊಡುವ ಒಂದು ಕಾರ್ಯಕ್ರಮ ನಡೆಯುತ್ತಿದೆ. ಅಲ್ಲೂ ನೋವಿನ ಬಗ್ಗೆ ಇಂಥದೇ ಲೆಕ್ಕ ಹೇಳಿಕೊಡುತ್ತಾರೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಎರಡೇ ವಾರಕ್ಕೆ ಬಿಟ್ಟುಬಿಡುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ.

"ತೂಕ ಇಳಿಸುವ ಇಂಜೆಕ್ಷನ್ ಬಂದಿದೆಯಂತಲ್ಲ, ಅದು ಮಂಡಿಗೂ ಒಳ್ಳೆಯದಾ?"

ಸೆಮಾಗ್ಲುಟೈಡ್ ಬಗ್ಗೆ ಕೇಳುತ್ತಿದ್ದೀರಿ. ಬೊಜ್ಜು ಮತ್ತು ಮಂಡಿ ನೋವು ಎರಡೂ ಇದ್ದ 407 ಜನರ ಮೇಲೆ ಮಾಡಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. 68 ವಾರದಲ್ಲಿ ಇಂಜೆಕ್ಷನ್ ಪಡೆದವರ ತೂಕ ಶೇ. 13.7ರಷ್ಟು ಇಳಿಯಿತು, ನೋವೂ ಚೆನ್ನಾಗಿ ಇಳಿಯಿತು. ಆದ್ದರಿಂದ ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಹಸಿವೇ ಇಲ್ಲದೆ ತೂಕ ಇಳಿಯುವಾಗ ಮಾಂಸವೂ ಹೋಗುತ್ತದೆ. ಡಾಕ್ಟರು ಬರೆದುಕೊಟ್ಟರೆ ತೆಗೆದುಕೊಳ್ಳಿ, ಕಾಳು ಮತ್ತು ಕುರ್ಚಿ ಎರಡನ್ನೂ ಬಿಡದೆ. ನನಗೆ ನಿಜವಾದ ಹೆದರಿಕೆ ಇರುವುದು ಹೆಸರಿಲ್ಲದ ಪೊಟ್ಟಣದಲ್ಲಿ ಸಿಗುವ ಮಂಡಿ ನೋವಿನ ಪುಡಿಗಳ ಬಗ್ಗೆ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಸ್ಟೀರಾಯ್ಡ್ ಸ್ನಾಯುವನ್ನೂ ಕರಗಿಸುತ್ತದೆ, ಶುಗರನ್ನೂ ಏರಿಸುತ್ತದೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು.

ಆಪರೇಷನ್ ಬೇಕಾಗುವವರು ಇದ್ದಾರೆ. ಅವರಿಗೆ ಅದು ದೊಡ್ಡ ಉಪಕಾರ. ಆಪರೇಷನ್ನಿಗೆ ಮೊದಲು ತೊಡೆ ಗಟ್ಟಿ ಮಾಡಿಕೊಂಡು ಹೋದರೆ ಎದ್ದು ಓಡಾಡುವುದು ಸುಲಭ.

ಕೊನೆಯಲ್ಲಿ ಮುಂದಿನ ಸಾಲಿನ ಒಬ್ಬ ಸೊಸೆ ಕೈ ಎತ್ತಿದರು. "ಮೇಡಂ, ನಮ್ಮತ್ತೆಗೆ 74. ಕುರ್ಚಿಯಿಂದ ಏಳಲು ನನ್ನ ಕೈ ಬೇಕು. ಅವರಿಗೆಲ್ಲ ತಡವಾಯ್ತು ಅಲ್ವಾ?"

1990ರಲ್ಲಿ ಬಾಸ್ಟನ್ನಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಡಾ. ಮರಿಯಾ ಫಿಯಾಟರೋನ್ 10 ಜನರನ್ನು ಸೇರಿಸಿಕೊಂಡರು. ಸರಾಸರಿ ವಯಸ್ಸು 90. ಎಂಟು ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದರು. ಕೊನೆಯವರೆಗೂ ಮಾಡಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇಬ್ಬರು ಕೋಲು ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದ ಮೂವರಲ್ಲಿ ಒಬ್ಬರು ಎದ್ದು ನಿಂತರು. ವ್ಯಾಯಾಮ ನಿಲ್ಲಿಸಿ ನಾಲ್ಕು ವಾರ ಕಳೆದಾಗ ಶಕ್ತಿ ಮತ್ತೆ ಮೂರನೇ ಒಂದು ಭಾಗದಷ್ಟು ಇಳಿದಿತ್ತು, ಅದನ್ನೂ ಅವರು ಬರೆದಿದ್ದಾರೆ.

ಅತ್ತೆಯವರನ್ನು ಮುಂದಿನ ಶನಿವಾರ ಕರೆದುಕೊಂಡು ಬನ್ನಿ. ಬರುವಾಗ ಎರಡು ದಿಂಬು ತನ್ನಿ.